ಮೀನುಗಾರರು ಕಡಲಿಗೆ ಇಳಿಯಬಾರದು

ಬೆಳಗಿನ ಪ್ರದೇಶ ಸಮಾಚಾರ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಚಟ್ನಿ ರುಬ್ಬುವ ಹೊತ್ತೂ ಆಗಿರುತ್ತದೆ. ಶಾಲೆಗೆ ಹೊರಡುವ ಆತುರ, ಡಬ್ಬಿ ತುಂಬುವ ಗಡಿಬಿಡಿ. ಆದರೂ ಸುದ್ದಿಯ ಕೊನೆಯಲ್ಲಿ ಹವಾಮಾನ ವರದಿ ಶುರುವಾಯಿತೆಂದರೆ ನಾನು ಮಿಕ್ಸಿ ನಿಲ್ಲಿಸಿಬಿಡುತ್ತೇನೆ. ಮೊನ್ನೆ ಹಾಗೆಯೇ ಆಯಿತು. ಕರಾವಳಿಯಲ್ಲಿ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದ ಗಾಳಿ ಬೀಸಲಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು ರೇಡಿಯೋ ಹೇಳಿತು. ತಿಂಡಿಗೆ ಕುಳಿತಿದ್ದ ಮಗ, "ಕೇಳಿದೆಯೇನಮ್ಮಾ, ಇವತ್ತು ನೀನು ದೊರೆಕೆರೆಗೆ ಇಳಿಯುವ ಹಾಗಿಲ್ಲ" ಎಂದು ನಕ್ಕ. ಇವರೂ ನಕ್ಕರು. ನಗುವಂಥದ್ದೇ. ಉತ್ತರಹಳ್ಳಿಯ ನಮ್ಮ ಮನೆಯಿಂದ ಕಡಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಪಾಲಿಗಿರುವ ನೀರೆಂದರೆ ಆ ದೊರೆಕೆರೆ, ಮತ್ತೆ ನಲ್ಲಿಯಲ್ಲಿ ಬಂದರೆ ಬಂದ ಕಾವೇರಿ.

ನನ್ನ ಈ ಅಭ್ಯಾಸಕ್ಕೆ ನಲವತ್ತು ವರ್ಷಗಳ ಹಿಂದಿನ ಒಂದು ಕಾರಣವಿದೆ. ಅದನ್ನು ಮನೆಯವರಿಗೂ ಸರಿಯಾಗಿ ಹೇಳಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರದ ಗಂಗೊಳ್ಳಿಯಲ್ಲಿ. ಐದು ಹೊಳೆಗಳು ಒಟ್ಟಾಗಿ ಕಡಲು ಸೇರುವ ಊರು ಅದು. ಅಪ್ಪ ಶಾಲಾ ಮಾಸ್ತರರು. ನಮ್ಮ ಓಣಿಯಲ್ಲಿ ಮೊದಲು ರೇಡಿಯೋ ಬಂದದ್ದು ನಮ್ಮ ಮನೆಗೆ. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಸಿಕೊಂಡು ಬರಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು.

ನಮ್ಮ ಬದಿಮನೆ ಮೊಗವೀರರದು. ಆ ಮನೆಯಾಕೆಯನ್ನು ನಾನು "ಚಿಕ್ಕಿ" ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಅವರ ಯಜಮಾನರು ಬೇರೆ ಐದು ಜನರೊಂದಿಗೆ ಇಂಜಿನ್ನಿನ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದರು. ಒಮ್ಮೆ ಹೋದರೆ ಎರಡು ರಾತ್ರಿ ಕಳೆದು ಬರುವುದು. ಚಿಕ್ಕಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರುವವರು. ನಮ್ಮ ಜಗಲಿಯ ಮುಂದೆ ಹಾದುಹೋಗುವಾಗ ತಪ್ಪದೆ ಕೇಳುತ್ತಿದ್ದರು: "ಎಂತ ಹೇಳ್ತ್ ಹೆಣೆ ರೇಡಿಯೋ?"

ಈ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಮಕ್ಕಳಿಗೆ ಪಾಠ ಮಾಡಲು ಪುಸ್ತಕ ಹುಡುಕುವ ಕಾಲದಲ್ಲಿ.

ರೇಡಿಯೋ ಬರುವ ಮೊದಲು ಬಿರುಗಾಳಿಯ ಸುದ್ದಿಯನ್ನು ಕಣ್ಣಿಗೆ ಕಾಣುವ ಹಾಗೆ ತೂಗುಹಾಕುತ್ತಿದ್ದರು. ಇದನ್ನು ಮೊದಲು ಮಾಡಿದವರು ಇಂಗ್ಲೆಂಡಿನ ರಾಬರ್ಟ್ ಫಿಟ್ಸ್‌ರಾಯ್. ವಿಜ್ಞಾನಿ ಡಾರ್ವಿನ್ ಲೋಕ ಸುತ್ತಿದ ಬೀಗಲ್ ಹಡಗಿನ ಕಪ್ತಾನರು ಇವರೇ. 1859ರಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ದಡದ ಹತ್ತಿರವೇ ಒಡೆದು ನಾನ್ನೂರಕ್ಕೂ ಹೆಚ್ಚು ಜನ ಸತ್ತರು. ಗಾಳಿ ಒಂದೂರಿನಿಂದ ಇನ್ನೊಂದೂರಿಗೆ ಬರುವ ಮೊದಲೇ ತಂತಿಯ ಸುದ್ದಿ ಬಂದು ಮುಟ್ಟುವುದಲ್ಲ, ಆ ಸಮಯದ ಅಂತರವನ್ನೇ ಜೀವ ಉಳಿಸಲು ಬಳಸಬಾರದೇಕೆ ಎಂದು ಫಿಟ್ಸ್‌ರಾಯ್ ಯೋಚಿಸಿದರು. 1861ರಿಂದ ಬಂದರುಗಳಿಗೆ ತಂತಿ ಹೋಗತೊಡಗಿತು. ತಂತಿ ಬಂದ ಕೂಡಲೇ ಎತ್ತರದ ಕಂಬಕ್ಕೆ ಕಪ್ಪು ಶಂಕು, ಡೋಲುಗಳ ಆಕಾರಗಳನ್ನು ಏರಿಸುತ್ತಿದ್ದರು. ಲೆಕ್ಕ ತಪ್ಪಿದಾಗಲೆಲ್ಲ ಜನ ಗೇಲಿ ಮಾಡಿದರು. 1865ರಲ್ಲಿ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ಶಂಕುಗಳು ಮಾತ್ರ ಉಳಿದುಕೊಂಡವು.

ನಮ್ಮ ದೇಶಕ್ಕೂ ಈ ವಿದ್ಯೆ ಸಾವಿನ ಬೆನ್ನಿಗೇ ಬಂತು. 1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಬಡಿದ ಚಂಡಮಾರುತದಲ್ಲಿ ಸುಮಾರು ಅರವತ್ತು ಸಾವಿರ ಜನ ಸತ್ತರೆಂದು ಲೆಕ್ಕ. ಮರುವರ್ಷ ಕಲ್ಕತ್ತೆಯ ಬಂದರಿನಲ್ಲಿ ಎಚ್ಚರಿಕೆಯ ವ್ಯವಸ್ಥೆ ಆರಂಭವಾಯಿತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಆ ಶತಮಾನ ಮುಗಿಯುವ ಹೊತ್ತಿಗೆ ದೇಶದ ಬಂದರುಗಳಿಗೆಲ್ಲ ಒಂದೇ ತೆರನ ಸಂಕೇತಗಳು ಬಂದವು. ಹಗಲಿನಲ್ಲಿ ಶಂಕು, ಸಿಲಿಂಡರುಗಳು, ರಾತ್ರಿ ಕೆಂಪು ಬಿಳಿ ದೀಪಗಳು. "ಮಂಗಳೂರು ಬಂದರಿನಲ್ಲಿ 3ನೇ ಸಂಖ್ಯೆಯ ಸಂಕೇತ ಏರಿಸಲಾಗಿದೆ" ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಇದೇ. ಒಂದು, ಎರಡು ಎಂದರೆ ದೂರದ ಕಡಲಿನಲ್ಲಿ ಗಾಳಿ ಎದ್ದಿದೆ ಎಂದರ್ಥ. ಸಂಖ್ಯೆ ಹೆಚ್ಚಿದಂತೆ ಅಪಾಯ ಹತ್ತಿರವಾಗುತ್ತದೆ. 8, 9, 10 ಎಂದರೆ ಮಹಾ ಅಪಾಯ. ಅದರ ಮೇಲೆ ಇನ್ನೊಂದಿದೆ, 11ನೆಯದು. ಎಚ್ಚರಿಕೆ ಕೊಡುವ ಕಚೇರಿಯೊಂದಿಗೆ ನಮ್ಮ ಸಂಪರ್ಕ ಕಡಿದುಹೋಗಿದೆ, ಕೆಟ್ಟ ಗಾಳಿ ಬರಬಹುದೆಂದು ಇಲ್ಲಿನ ಅಧಿಕಾರಿಗೆ ತೋರುತ್ತಿದೆ, ಇದು ಅದರ ಅರ್ಥ. ಸುದ್ದಿ ಬಾರದಿರುವುದೂ ಒಂದು ಸುದ್ದಿ ಎಂದು ತಿಳಿದು ಅದಕ್ಕೂ ಒಂದು ಸಂಖ್ಯೆ ಕೊಟ್ಟವರ ಬುದ್ಧಿಯನ್ನು ಮೆಚ್ಚಬೇಕು.

ಆದರೆ ಕಂಬದ ಮೇಲಿನ ಶಂಕು ಕಾಣುವುದು ಬಂದರಿನಲ್ಲಿ ಇರುವವರಿಗೆ ಮಾತ್ರ. ಆಗಲೇ ಕಡಲಿಗೆ ಇಳಿದವನಿಗೆ ಅದು ಕಾಣುವುದಿಲ್ಲ.

ಆ ಕೊರತೆ ತುಂಬಲು ಬಂದದ್ದು ನಿಸ್ತಂತು ವಿದ್ಯೆ. ನಡುಗಡಲಿನಲ್ಲಿರುವ ಹಡಗಿಗೂ ದಡದ ಮಾತು ಕೇಳುವಂತಾಯಿತು. ಆದರೆ ಕೇಳುವ ಯಂತ್ರವಿದ್ದರೆ ಸಾಲದು, ಕೇಳುವ ಕಿವಿಯೂ ಬೇಕು. 1912ರ ಏಪ್ರಿಲ್ 14ರಂದು ಟೈಟಾನಿಕ್ ಹಡಗಿಗೆ ಮಂಜುಗಡ್ಡೆಗಳ ಬಗ್ಗೆ ಬೇರೆ ಹಡಗುಗಳಿಂದ ಹಲವು ಎಚ್ಚರಿಕೆಗಳು ಬಂದಿದ್ದವು. ಎಲ್ಲವೂ ಕಪ್ತಾನರ ಕೈ ಸೇರಲಿಲ್ಲ. ನಿಸ್ತಂತು ಕೋಣೆಯವರು ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ಕಳಿಸುವುದರಲ್ಲಿ ಮುಳುಗಿದ್ದರು. ಆ ರಾತ್ರಿ ಸಾವಿರದ ಐನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, 1914ರಲ್ಲಿ ಲಂಡನ್ನಿನಲ್ಲಿ ದೇಶಗಳು ಸೇರಿ ಹಡಗುಗಳಲ್ಲಿ ರೇಡಿಯೋ ಕಾವಲು ಇರಬೇಕೆಂಬ ನಿಯಮ ಬರೆದವು. ಮುಂದೆ 1920ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹಡಗುಗಳಿಗೆಂದೇ ಹವಾಮಾನ ಪ್ರಸಾರ ಶುರುವಾಯಿತು. ಸುತ್ತಲಿನ ಕಡಲನ್ನು ಹೊಲದ ಪಾಲಿನಂತೆ ವಿಭಾಗಿಸಿ, ಒಂದೊಂದಕ್ಕೂ ಹೆಸರಿಟ್ಟು, ಇಂಥಲ್ಲಿ ಇಷ್ಟು ಗಾಳಿ ಎಂದು ಇಂದಿಗೂ ಓದುತ್ತಾರೆ. ಈಗ ಆ ಪಾಲುಗಳು 31. ದೋಣಿಯನ್ನೇ ಹತ್ತದ ಅಲ್ಲಿನ ಎಷ್ಟೋ ಗೃಹಿಣಿಯರು ಅದನ್ನು ದೇವರ ನಾಮದಂತೆ ಕೇಳುತ್ತಾರಂತೆ. ಅಂದಮೇಲೆ ನಾನು ಮಿಕ್ಸಿ ನಿಲ್ಲಿಸುವುದು ಅಂಥ ವಿಚಿತ್ರವೇನಲ್ಲ.

"ಆಕಾಶವಾಣಿ" ಎಂಬ ಹೆಸರು ಮೊದಲು ಕೇಳಿದ್ದು ನಮ್ಮ ಮೈಸೂರಿನಲ್ಲಿ, 1935ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ಖಾಸಗಿ ಬಾನುಲಿ ಕೇಂದ್ರದಿಂದ. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. ಕರಾವಳಿಗೆ ತನ್ನದೇ ಎನ್ನುವ ಕೇಂದ್ರ ಸಿಕ್ಕಿದ್ದು 1976ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ. ನನಗಾಗ ಐದು ವರ್ಷ. ಅದರ ಪ್ರಸಾರದ ಕಂಬವಿದ್ದದ್ದು ಬ್ರಹ್ಮಾವರದಲ್ಲಿ, ನಮ್ಮೂರಿಗೆ ಹತ್ತಿರ. ಹಾಗಾಗಿ ನಮ್ಮ ಹಳೆಯ ಸೆಟ್ಟಿನಲ್ಲೂ ಸ್ವರ ಗಟ್ಟಿಯಾಗಿ ಬರುತ್ತಿತ್ತು. ಮೀನುಗಾರರಿಗೆ ಎಚ್ಚರಿಕೆ ಇದ್ದ ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದನ್ನು ಓದುತ್ತಿದ್ದರು.

ಓದುತ್ತಿದ್ದರು ನಿಜ, ಆದರೆ ಯಾವ ಕನ್ನಡದಲ್ಲಿ? "ಅರಬ್ಬಿ ಸಮುದ್ರದ ಆಗ್ನೇಯ ಭಾಗದಲ್ಲಿ ವಾಯುಭಾರ ಕುಸಿತ ಉಂಟಾಗಿದ್ದು ವಾಯವ್ಯ ದಿಕ್ಕಿಗೆ ಚಲಿಸುತ್ತಿದೆ." ಚಿಕ್ಕಿಗೆ ದಿಕ್ಕುಗಳೆಂದರೆ ಮೂಡು, ಪಡು, ತೆಂಕು, ಬಡಗು. ವಾಯುಭಾರ ಕುಸಿತ ಎಂದರೆ ಎಲ್ಲೋ ಏನೋ ಭಾರವಾದದ್ದು ಕುಸಿದು ಬಿತ್ತು ಎಂದು ಅವರು ತಿಳಿದಿದ್ದರು. ಅಪ್ಪ ನನಗೆ ಹೇಳಿಕೊಟ್ಟರು: ಒಂದು ಕಡೆ ಗಾಳಿ ಬಿಸಿಯಾಗಿ ಮೇಲೇರಿದರೆ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ, ಭೂಮಿ ತಿರುಗುತ್ತಿರುವುದರಿಂದ ಸುಳಿಯಾಗುತ್ತದೆ. ನಾನು ಚಿಕ್ಕಿಗೆ, "ತೆಂಕು ಕಡಲಲ್ಲಿ ತೂಫಾನು ಎದ್ದಿದೆಯಂತೆ, ಪಡುಬಡಗಿಗೆ ಹೋಗುತ್ತಿದೆಯಂತೆ" ಎನ್ನುತ್ತಿದ್ದೆ. ಆ ಅನುವಾದವೇ ನಾನು ಮಾಡಿದ ಮೊದಲ ಮೇಷ್ಟರಿಕೆ.

ಗಂಟೆಗೆ ಇಷ್ಟು ವೇಗದ ಗಾಳಿ ಎಂದು ಹೇಳಬೇಕಾದರೆ ಯಾರೋ ಅದನ್ನು ಅಳೆದಿರಬೇಕಲ್ಲ? ಇಲ್ಲಿ ಒಬ್ಬ ಹೆಣ್ಣುಮಗಳ ಹೆಸರನ್ನು ನಾವು ನೆನೆಯಬೇಕು. ಅವರು ಅನ್ನಾ ಮಣಿ, 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದವರು. ನಮ್ಮ ಬೆಂಗಳೂರಿಗೇ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಕೈಕೆಳಗೆ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರ ಪ್ರಬಂಧಕ್ಕೆ ಡಾಕ್ಟರೇಟ್ ಸಿಗಲಿಲ್ಲ. 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಗೆ ಸೇರಿದರು. ಸಾಮಾನ್ಯ ಉಪಕರಣಗಳಿಗೂ ಹೊರದೇಶದ ಕಡೆ ನೋಡಬೇಕಿದ್ದ ಕಾಲ ಅದು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದು ಇಲ್ಲಿಯೇ ತಯಾರಾಗುವಂತೆ ಮಾಡಿದವರು ಇವರು. ತಪ್ಪು ಅಳತೆ ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದು ಅವರ ನಿಲುವಾಗಿತ್ತು. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ಅವರು ನಿವೃತ್ತರಾದದ್ದು 1976ರಲ್ಲಿ, ಮಂಗಳೂರಿನಲ್ಲಿ ಆಕಾಶವಾಣಿ ಮಾತಾಡತೊಡಗಿದ ವರ್ಷವೇ. ಗಂಗೊಳ್ಳಿಯ ಜಗಲಿಯ ಮುಂದೆ ಬುಟ್ಟಿ ಇಳಿಸಿ ನಿಂತ ಚಿಕ್ಕಿಗೆ ಆ ಹೆಸರು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಈಗ ಆ ದಿನದ ಮಾತಿಗೆ ಬರುತ್ತೇನೆ. 1983ರ ನವೆಂಬರ್, ಒಂದು ಭಾನುವಾರ. ನನಗೆ ಹನ್ನೆರಡು ವರ್ಷ. ನಮ್ಮ ರೇಡಿಯೋ ಸೆಲ್ಲಿನದು. ತಿಂಗಳಿಗೊಮ್ಮೆ ಸೆಲ್ ತರುವುದು ಅಪ್ಪನ ಲೆಕ್ಕ. ಅದಕ್ಕೇ ವಾರ್ತೆ, ಹವಾಮಾನ, ಸಂಜೆಯ ಒಂದಿಷ್ಟು ಸಂಗೀತ, ಇಷ್ಟಕ್ಕೇ ರೇಡಿಯೋ ಹಾಕಬೇಕೆಂಬ ಕಟ್ಟಪ್ಪಣೆ. ಶನಿವಾರ ರಾತ್ರಿ ಅಪ್ಪ ಅಮ್ಮ ಯಕ್ಷಗಾನಕ್ಕೆ ಹೋಗಿದ್ದರು. ನಾನೂ ತಂಗಿಯೂ ಕಿವಿ ತುಂಬ ಚಿತ್ರಗೀತೆ ಕೇಳಿದೆವು, ಒಂದು ಕೇಂದ್ರ ಮುಗಿದರೆ ಇನ್ನೊಂದು. ಸ್ವರ ಇಳಿದು ಇಳಿದು ನೊಣದ ಗುಂಯ್‌ಗುಡುವಿಕೆಯಾಗುವವರೆಗೂ ಕೇಳಿದೆವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಸೆಲ್ಲು ಸತ್ತಿತ್ತು. ಅಪ್ಪನಿಗೆ ಗೊತ್ತಾಗುವ ಮೊದಲೇ ಅದನ್ನು ಹೆಂಚಿನ ಮೇಲೆ ಬಿಸಿಲಿಗಿಟ್ಟೆ. ಬಿಸಿಲಿಗಿಟ್ಟರೆ ಸೆಲ್ಲಿಗೆ ಸ್ವಲ್ಪ ಜೀವ ಬರುತ್ತದೆ, ನೀವೂ ಮಾಡಿರುತ್ತೀರಿ. ಆಗಲೇ ಚಿಕ್ಕಿ ಬೇಲಿಯಾಚೆಯಿಂದ ಎಂದಿನಂತೆ ಕೇಳಿದರು. ಸೆಲ್ಲಿಲ್ಲ ಎಂದು ಹೇಳಬಹುದಿತ್ತು. ಅಪ್ಪ ಒಳಗೇ ಇದ್ದರು, ಕೇಳಿಸಿದರೆ ಬೈಗುಳ. ನಾನು, "ಎಂತದೂ ಹೇಳಲಿಲ್ಲ ಚಿಕ್ಕಿ" ಎಂದೆ. ಮಾತು ಒಂದು ಲೆಕ್ಕದಲ್ಲಿ ಸುಳ್ಳೂ ಅಲ್ಲ! ಮೂರು ಗಂಟೆಗೆ ದೋಣಿ ಅಳಿವೆ ದಾಟಿ ಹೋಯಿತು.

ಸಂಜೆ ಸೆಲ್ಲಿಗೆ ಜೀವ ಬಂದಿತ್ತು. ಮಂಗಳೂರಿನಿಂದ ಕಾರವಾರದವರೆಗೆ ಬಿರುಗಾಳಿ, ಕಡಲು ಪ್ರಕ್ಷುಬ್ಧ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು ರೇಡಿಯೋ ಸಣ್ಣ ಸ್ವರದಲ್ಲಿ ಹೇಳಿತು. ನಾನು ಓಡಿಹೋಗಿ ಚಿಕ್ಕಿಗೆ ಹೇಳಿದೆ. ಅವರು ಒಲೆಯ ಮುಂದೆ ಕುಳಿತಿದ್ದರು. ನನ್ನ ಮುಖವನ್ನೇ ನೋಡಿ, "ನಂಗೆ ಹೇಳ್ರೆ ಎಂತ ಆತ್ತ್ ಹೆಣೆ, ಕಡಲಂಗ್ ಇದ್ದವ್ರಿಗ್ ಹೇಳ್ಕಲ್ದಾ?" ಎಂದರು. ನನಗೆ ಹೇಳಿದರೆ ಏನಾಯಿತು, ಕಡಲಿನಲ್ಲಿ ಇರುವವರಿಗೆ ಹೇಳಬೇಕಲ್ಲವೇ ಎಂದು. ದೋಣಿಯಲ್ಲಿ ರೇಡಿಯೋ ಇರಲಿಲ್ಲ.

ಆ ರಾತ್ರಿ ತೆಂಗಿನ ಗರಿಗಳು ಅಂಗಳದ ತುಂಬ ಬಿದ್ದವು. ಅಮ್ಮ ಚಿಕ್ಕಿಯ ಮಕ್ಕಳನ್ನು ಕರೆತಂದು ನಮ್ಮಲ್ಲೇ ಮಲಗಿಸಿದರು. ಚಿಕ್ಕಿ ಬರಲಿಲ್ಲ. ಕೇರಿಯ ನಾಲ್ಕೈದು ಹೆಂಗಸರು ಅಳಿವೆಯ ಬಾಯಲ್ಲಿ ಗಾಳಿಮರಗಳ ಕೆಳಗೆ ಲಾಟೀನು ಹಿಡಿದು ಕುಳಿತರು. ಮಾರನೆಯ ದಿನವೂ ಕುಳಿತರು. ಅಪ್ಪ ಹೊಸ ಸೆಲ್ ತಂದು ಹಾಕಿದರು. ನಾನು ಪ್ರತಿ ವರದಿಯನ್ನೂ ಕೇಳಿ ಮರಳಿನ ಮೇಲೆ ಓಡಿಹೋಗಿ ಹೇಳಿ ಬರುತ್ತಿದ್ದೆ. ಗಾಳಿಯ ವೇಗ ಗೊತ್ತು, ದಿಕ್ಕು ಗೊತ್ತು, ಅಲೆಯ ಎತ್ತರ ಗೊತ್ತು. ದೋಣಿ ಎಲ್ಲಿದೆ ಎಂದು ಮಾತ್ರ ರೇಡಿಯೋಕ್ಕೂ ಗೊತ್ತಿಲ್ಲ. ಮೂರನೆಯ ಬೆಳಿಗ್ಗೆ ದೋಣಿ ಬಂತು. ನೇತ್ರಾಣಿ ಗುಡ್ಡದ ಮರೆಯಲ್ಲಿ ನಿಂತು ಉಳಿದುಕೊಂಡಿದ್ದರು. ಬಲೆ ಹೋಗಿತ್ತು. ಒಬ್ಬರ ಭುಜದ ಮೂಳೆ ಮುರಿದಿತ್ತು. ಅವರು ಮತ್ತೆ ಬಲೆ ಎಳೆಯಲಿಲ್ಲ, ಪೇಟೆಯಲ್ಲಿ ಬೀಡಾ ಅಂಗಡಿ ಇಟ್ಟರು. ಆ ಅಂಗಡಿಯ ಮುಂದೆ ಹೋಗಬೇಕಾದಾಗಲೆಲ್ಲ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ಕಾಲ ಬದಲಾಯಿತು, ನಿಜ. ದೊಡ್ಡ ಹಡಗುಗಳಿಗೆ 1999ರ ಫೆಬ್ರವರಿ 1ರಿಂದ ಪ್ರಪಂಚಕ್ಕೆಲ್ಲ ಒಂದೇ ಸುರಕ್ಷತಾ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂತು. ಟಕ್ಕು ಟಕ್ಕು ಎನ್ನುವ ಮೋರ್ಸ್ ಸಂಕೇತದ ಕಾಲ ಮುಗಿಯಿತು. 518 ಕಿಲೋಹರ್ಟ್ಸ್ ಅಲೆಯ ಮೇಲೆ ಬರುವ ಎಚ್ಚರಿಕೆ ಹಡಗಿನ ಕೋಣೆಯಲ್ಲಿ ತಾನಾಗಿಯೇ ಇಂಗ್ಲಿಷಿನಲ್ಲಿ ಅಚ್ಚಾಗಿ ಬರುತ್ತದೆ, ಕಾವಲಿನವನು ತೂಕಡಿಸಿದರೂ ಕಾಗದ ತೂಕಡಿಸುವುದಿಲ್ಲ. ಚಿಕ್ಕ ದೋಣಿಯವನ ಪಾಲಿಗೆ ಉಳಿದದ್ದು ಮನೆಯ ರೇಡಿಯೋ, ಮತ್ತೆ ಬಂದ ಮೊಬೈಲ್ ಫೋನು. ಮೊಬೈಲ್ ದಡದಿಂದ ಸ್ವಲ್ಪ ದೂರ ಹೋದರೆ ಮೂಕವಾಗುತ್ತದೆ. ರೇಡಿಯೋದ ಮಧ್ಯಮ ತರಂಗ ಉಪ್ಪುನೀರಿನ ಮೇಲೆ ನೆಲದ ಮೇಲಿಗಿಂತ ಬಹು ದೂರ ಹರಿಯುತ್ತದೆ; ಎಫ್.ಎಂ. ಅಲೆ ಕಣ್ಣಳತೆಯಷ್ಟೇ ಹೋಗುವಂಥದ್ದು. ಆಕಾಶವಾಣಿ ಈಚಿನ ವರ್ಷಗಳಲ್ಲಿ ದೇಶದ ಹಲವು ಕಡೆ ಮಧ್ಯಮ ತರಂಗದ ಪ್ರಸಾರ ನಿಲ್ಲಿಸಿ ಎಫ್.ಎಂ.ಗೆ ಹೊರಳಿದೆ. ಮನೆಯಲ್ಲಿ ಕೇಳುವ ನಮಗೆ ಹಾಡು ಇಂಪಾಯಿತು. ಕಡಲಿನಲ್ಲಿರುವವನಿಗೆ ದಡ ಇನ್ನಷ್ಟು ದೂರವಾಯಿತು.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಈ ಅಂತರ ದೇಶಕ್ಕೆಲ್ಲ ಕಾಣಿಸಿತು. 29ರಂದು ವಾಯುಭಾರ ಕುಸಿತವಾಗಿದ್ದದ್ದು 30ರಂದು ಚಂಡಮಾರುತವೇ ಆಗಿಬಿಟ್ಟಿತು. ಕೇರಳದ, ಕನ್ಯಾಕುಮಾರಿ ಜಿಲ್ಲೆಯ ಎಷ್ಟೋ ದೋಣಿಗಳು ಅದಕ್ಕೂ ಹಲವು ದಿನ ಮೊದಲೇ ದೂರದ ಕಡಲಿಗೆ ಹೋಗಿದ್ದವು. ಎಚ್ಚರಿಕೆ ದಡದಲ್ಲಿದ್ದವರಿಗೆ ಸಿಕ್ಕಿತು, ಕಡಲಿನಲ್ಲಿದ್ದವರಿಗೆ ಸಿಗಲಿಲ್ಲ. ನೂರಾರು ಜನ ಸತ್ತರು ಅಥವಾ ಕಾಣೆಯಾದರು. ಕೆಲವು ದೋಣಿಗಳು ಮಹಾರಾಷ್ಟ್ರ, ಗುಜರಾತಿನ ದಡ ಸೇರಿದವು. ಟಿ.ವಿ.ಯಲ್ಲಿ ಸಮುದ್ರದ ಕಡೆ ಮುಖ ಮಾಡಿ ಕುಳಿತ ಹೆಂಗಸರನ್ನು ತೋರಿಸುತ್ತಿದ್ದರು. ನಾನು ಅದನ್ನು ನೋಡಲಾರದೆ ಎದ್ದು ಒಳಗೆ ಹೋದೆ.

ಆಮೇಲೆ ಕೆಲಸಗಳು ಆದವು. ಕಡಲಿನಲ್ಲಿರುವ ದೋಣಿಗೆ ಉಪಗ್ರಹದ ಮೂಲಕವೇ ಎಚ್ಚರಿಕೆ ಮುಟ್ಟಿಸುವ ಸಾಧನಗಳನ್ನು 2019ರಿಂದ ತಂದರು. 2024ರ ಆಗಸ್ಟಿನಲ್ಲಿ ದೇಶದ ಒಂದು ಲಕ್ಷ ದೋಣಿಗಳಿಗೆ, ದಡದಿಂದ ಸುದ್ದಿ ಪಡೆಯಲೂ ದೋಣಿಯಿಂದ ಸುದ್ದಿ ಕಳಿಸಲೂ ಬರುವ ಯಂತ್ರಗಳನ್ನು ಕೊಡುವ ಯೋಜನೆ ಆರಂಭವಾಯಿತು. ಆಗಬೇಕಾದ್ದೇ. ಅರಬ್ಬಿ ಸಮುದ್ರ ಈಗ ಮೊದಲಿನ ಹಾಗಿಲ್ಲ, ಬಿಸಿಯಾಗುತ್ತಿದೆ. 2019 ಒಂದೇ ವರ್ಷ ಅಲ್ಲಿ ಐದು ಚಂಡಮಾರುತಗಳು ಎದ್ದವು.

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಿಯನ್ನು ನೋಡಲು ಹೋದೆ. ಎಂಬತ್ತರ ಹತ್ತಿರದ ವಯಸ್ಸು. ಯಜಮಾನರು ತೀರಿಕೊಂಡಿದ್ದಾರೆ, ಹಾಸಿಗೆಯ ಮೇಲೆ, ವಯಸ್ಸಾಗಿ. ಚಹಾ ಕುಡಿಯುತ್ತ ಕುಳಿತಾಗ ಏಕೋ ತಡೆಯಲಾಗಲಿಲ್ಲ. ಸೆಲ್ಲಿನ ಕತೆ, ಚಿತ್ರಗೀತೆಯ ಕತೆ, "ಎಂತದೂ ಹೇಳಲಿಲ್ಲ" ಎಂದ ಕತೆ, ಎಲ್ಲವನ್ನೂ ಹೇಳಿಬಿಟ್ಟೆ. ನಲವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ಅವರು ಬೈದಾರು, ಅತ್ತಾರು ಎಂದು ಕಾದೆ. ಚಿಕ್ಕಿ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನೀ ಹೇಳಿದ್ರೂ ಅವ್ರ್ ಹೋತಿದ್ರ್ ಹೆಣೆ. ಬ್ಯಾಂಕಿನ್ ಕಂತ್ ರೇಡಿಯೋ ಕೇಂತಿತ್ತಾ?"

ಬ್ಯಾಂಕಿನ ಕಂತು ರೇಡಿಯೋ ಕೇಳುತ್ತಿತ್ತೇ? ಆ ವರ್ಷ ಇಂಜಿನ್ನಿಗೆ ಸಾಲ ಮಾಡಿದ್ದರಂತೆ. ತಿಂಗಳ ಕೊನೆಗೆ ಕಟ್ಟಬೇಕಿತ್ತಂತೆ. ಹನ್ನೆರಡು ವರ್ಷದ ಹುಡುಗಿಗೆ ಇದು ಹೇಗೆ ತಿಳಿಯಬೇಕು? ಕಡಲಿಗೆ ಇಳಿಯಬಾರದು ಎನ್ನುವುದು ಒಂದು ವಾಕ್ಯ. ಇಳಿಯದಿದ್ದರೆ ಆ ದಿನದ ಗಂಜಿಗೆ ಏನು ಎನ್ನುವ ಇನ್ನೊಂದು ವಾಕ್ಯವನ್ನು ಯಾವ ಕೇಂದ್ರವೂ ಓದುವುದಿಲ್ಲ. ಎಚ್ಚರಿಕೆಯ ಚರಿತ್ರೆ ಎಂದರೆ ಬರಿಯ ಯಂತ್ರಗಳ ಚರಿತ್ರೆ ಎಂದು ನಾನು ತಿಳಿದಿದ್ದೆ. ಶಂಕು ಹೋಗಿ ರೇಡಿಯೋ ಬಂತು, ರೇಡಿಯೋ ಹೋಗಿ ಉಪಗ್ರಹ ಬಂತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಸುದ್ದಿ ಮುಟ್ಟುವುದು ಒಂದು, ಅರ್ಥವಾಗುವುದು ಎರಡು, ಅದರಂತೆ ನಡೆಯುವ ಅನುಕೂಲ ಇರುವುದು ಮೂರು. ಮೂರನೆಯದನ್ನು ಚಿಕ್ಕಿ ಹೇಳುವವರೆಗೆ ನಾನು ಎಣಿಸಿಯೇ ಇರಲಿಲ್ಲ.

ಚಿಕ್ಕಿ ನನ್ನನ್ನು ಸಮಾಧಾನ ಮಾಡಲು ಹಾಗೆಂದರೋ, ನಿಜವನ್ನೇ ಹೇಳಿದರೋ ಗೊತ್ತಿಲ್ಲ. ಹಾಗೆಂದು ಆ ಮಧ್ಯಾಹ್ನದ ನನ್ನ ಮಾತು ಸರಿಯಾಗುವುದಿಲ್ಲ. ಹೋಗುವುದೋ ಬಿಡುವುದೋ ಅವರ ಲೆಕ್ಕ. ಗೊತ್ತಿದ್ದು ಹೋಗುವ ಹಕ್ಕನ್ನು ನಾನು ಕಸಿದೆನಲ್ಲ! ನಮ್ಮ ಮನೆಯ ಕಂಬದ ಮೇಲೆ ಆ ದಿನ ಏರಬೇಕಿದ್ದದ್ದು 11ನೇ ಸಂಕೇತ. ಸುದ್ದಿ ಬಂದಿಲ್ಲ, ಎಚ್ಚರ ಎಂದಿಷ್ಟು ಹೇಳಿದ್ದರೂ ಸಾಕಿತ್ತು.

ಈಗ ಕರ್ನಾಟಕದ ಕರಾವಳಿಯ ಮುನ್ಸೂಚನೆ ಹೊರಡುವುದು ಇದೇ ಬೆಂಗಳೂರಿನ ಅರಮನೆ ರಸ್ತೆಯ ಹವಾಮಾನ ಕೇಂದ್ರದಿಂದ. ಕಡಲಿಲ್ಲದ ಊರು ಕಡಲಿನವರಿಗೆ ಹೇಳುತ್ತದೆ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋದರೆ ಸಿಗ್ನಲ್ಲುಗಳ ಲೆಕ್ಕ ಸೇರಿ ಒಂದೂವರೆ ಗಂಟೆಯ ದಾರಿ. ಊರಿನಿಂದ ಬಂದ ಮೇಲೆ ಒಂದು ರಾತ್ರಿ ಊಟಕ್ಕೆ ಕುಳಿತಾಗ ಈ ಕತೆಯನ್ನೆಲ್ಲ ಮನೆಯವರಿಗೆ ಹೇಳಿದೆ. ಮಗ ದೊರೆಕೆರೆಯ ತಮಾಷೆಯನ್ನು ಪೂರ್ತಿ ಬಿಟ್ಟಿದ್ದಾನೆ ಎಂದೇನಲ್ಲ, ಮೊನ್ನೆ ನೋಡಿದಿರಲ್ಲ. ಆದರೆ ನಿನ್ನೆ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಹವಾಮಾನ ವರದಿ ಬಂದಿದೆ. ಹೊರಗೆ ಬಂದರೆ ಅರ್ಧ ರುಬ್ಬಿದ ಚಟ್ನಿ ಹಾಗೇ ಇತ್ತು. ಮಿಕ್ಸಿ ನಿಲ್ಲಿಸಿ ಅವನು ರೇಡಿಯೋದ ಹತ್ತಿರ ನಿಂತಿದ್ದ. "ಇವತ್ತು ಎಚ್ಚರಿಕೆ ಏನೂ ಇಲ್ಲಮ್ಮ," ಎಂದ, "ಪೂರ್ತಿ ಕೇಳಿಸಿಕೊಂಡೇ ಹೇಳುತ್ತಿದ್ದೇನೆ."